ಷಡ್ಡಕನ ಡಾಲರು

ಮೊಳಕಾಲ್ಮೂರಿನ ಈರೇಶ್ ತನ್ನ ಮನೆಯಲ್ಲಿದ್ದ ಹಳೇ ಬೆಳ್ಳಿ ರೂಪಾಯಿಯೊಂದನ್ನು ‘ಡಾಲರ್’ ಎಂದು ಕರೆದ ದಿನದಿಂದ ಚಳ್ಳಕೆರೆಯ ಚಿಕ್ಕಬಸಪ್ಪನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಈರೇಶ್ ಅವನ ಷಡ್ಡಕ, ಹೆಂಡತಿ ರೂಪಳ ತಂಗಿ ಮಾಲತಿಯ ಗಂಡ. ರೇಷ್ಮೆ ಸೀರೆಯ ವ್ಯಾಪಾರ, ಮಹಡಿ ಮನೆ, ತಲೆ ತುಂಬ ಕೂದಲು ಎಲ್ಲವೂ ಇದ್ದ ಮನುಷ್ಯ. ಚಿಕ್ಕಬಸಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ನೋಡಿ ದರ್ಜೆ ಹೇಳುವವನು. ಅವನಿಗೆ ಬಾಡಿಗೆ ಮನೆ ಮತ್ತು ಬೋಳು ತಲೆ ಇದ್ದವು. ದೇವರು ಶತ್ರುಗಳನ್ನು ಕೊಡುವಾಗ ಸ್ವಲ್ಪ ದೂರದಲ್ಲಿ ಕೊಡುತ್ತಾನೆ, ಷಡ್ಡಕನನ್ನು ಮಾತ್ರ ಊಟಕ್ಕೆ ಪಕ್ಕದಲ್ಲೇ ಕೂರಿಸುತ್ತಾನೆ. ಇಷ್ಟನ್ನೂ ಚಿಕ್ಕಬಸಪ್ಪ ಸಹಿಸಿಕೊಂಡಿದ್ದ. ಸಹಿಸಲಾಗದೆ ಹೋದದ್ದು ಮಣೆಯ ವಿಷಯ.

ಅತ್ತೆ ಪಾತಮ್ಮನ ಬಳಿ ಹಿತ್ತಾಳೆ ಹೂವು ಬಡಿದ ಹಲಸಿನ ಮಣೆಯೊಂದಿತ್ತು. ಹಬ್ಬದ ಊಟಕ್ಕೆ ಅದರ ಮೇಲೆ ಕೂರುವ ಹಕ್ಕು ದೊಡ್ಡ ಅಳಿಯನದು. ಇಪ್ಪತ್ತೆರಡು ವರ್ಷ ಚಿಕ್ಕಬಸಪ್ಪ ಅದರ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಉಂಡಿದ್ದ. ಮಾವ ತೀರಿಕೊಂಡ ಮೇಲೆ ಅತ್ತೆಯೂ ಮಣೆಯೂ ಮಾಲತಿಯ ಮನೆ ಸೇರಿದವು. ಈ ಯುಗಾದಿಗೆ ಹೋಗಿ ನೋಡಿದರೆ ಮಣೆಯ ಮೇಲೆ ಈರೇಶ್ ಕೂತಿದ್ದಾನೆ. ಪಾತಮ್ಮ ಅವನ ಎಲೆಗೆ ತುಪ್ಪ ಸುರಿಯುತ್ತ, “ನಮ್ ಈರೇಶಪ್ಪಂಗೆ ಡಾಲರ್ ವಿಚಾರ ಎಲ್ಲಾ ಗೊತ್ತೈತೆ. ಬಲೇ ಬುದ್ಧಿವಂತ,” ಎನ್ನುತ್ತಿದ್ದಾಳೆ. ಅಂದು ಚಿಕ್ಕಬಸಪ್ಪ ಪ್ಲಾಸ್ಟಿಕ್ ಚಾಪೆಯ ಮೇಲೆ ಕೂತು ಉಂಡ. ಹೋಳಿಗೆ ಅವನಿಗೆ ಚಾಪೆಯ ಹಾಗೇ ಇತ್ತು.

ಡಾಲರಿನ ಕತೆ ಇಷ್ಟೇ. ರೂಪಳ ಅಜ್ಜ ಯಾವುದೋ ಕಾಲದಲ್ಲಿ ಬಳ್ಳಾರಿಯಲ್ಲಿ ಒಬ್ಬ ಬಿಳಿಯನಿಗೆ ಎರಡು ಸೀರೆ ಮಾರಿ ಎರಡು ದಪ್ಪ ಬೆಳ್ಳಿ ನಾಣ್ಯ ತಂದಿದ್ದ. ಒಂದು ಮುಖದಲ್ಲಿ ಹೆಂಗಸಿನ ತಲೆ, ಇನ್ನೊಂದು ಮುಖದಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಪಾತಮ್ಮ ಹೆಂಗಸನ್ನು ಲಕ್ಷ್ಮಿ ಎಂದೂ ಹದ್ದನ್ನು ಗರುಡ ಎಂದೂ ತೀರ್ಮಾನಿಸಿ, ಮದುವೆಯ ಹೊತ್ತಿಗೆ ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಕೊಟ್ಟಳು. ಮನೆಯವರ ಬಾಯಲ್ಲಿ ಅದು ಲಕ್ಷ್ಮಿ ರೂಪಾಯಿ.

ರೂಪ ದೈವಭಕ್ತೆ. ಪ್ರತಿ ಶುಕ್ರವಾರ ತಪ್ಪದೆ ಲಕ್ಷ್ಮಿ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು ಪೂಜೆ ಮಾಡುತ್ತಿದ್ದಳು. ಲಕ್ಷ್ಮಿಯ ಮೂಗು ಸವೆದರೂ ಹೊಳಪು ಸವೆಯಲಿಲ್ಲ. ಮಾಲತಿ ಸೋಮಾರಿ. ಅವಳ ರೂಪಾಯಿ ಸೀರೆ ಪೆಟ್ಟಿಗೆಯ ತಳ ಸೇರಿ, ಅಲ್ಲೇ ಬಿದ್ದು ರೊಟ್ಟಿ ಹೆಂಚಿನ ಹಾಗೆ ಕಪ್ಪಾಗಿತ್ತು.

ಇದು ಅಮೆರಿಕದ ಬೆಳ್ಳಿ ಡಾಲರ್, ಕೆಲವಕ್ಕೆ ತುಂಬ ಬೆಲೆಯಿದೆ ಎಂಬುದನ್ನು ಈರೇಶ್ ಫೋನಿನಲ್ಲಿ ಪತ್ತೆ ಮಾಡಿದ್ದ. ಬಳ್ಳಾರಿ ಕಡೆಯ ಲೋಹಿತ ಎಂಬ ನಾಣ್ಯ ಪರೀಕ್ಷಕನನ್ನು ಭಾನುವಾರ ಮನೆಗೇ ಕರೆಸುವ ಏರ್ಪಾಟನ್ನೂ ಮಾಡಿ, ಚಿಕ್ಕಬಸಪ್ಪನಿಗೆ ಫೋನ್ ಹಚ್ಚಿದ.

“ಅಣ್ಣಾ, ನಿಮ್ ಡಾಲರೂ ತಗಂಬರ್ರಿ. ಎರಡನ್ನೂ ಒಟ್ಟಿಗೆ ಗ್ರೇಡ್ ಮಾಡ್ಸಾನ.”

“ಯಾವ ಡಾಲರಪ್ಪ? ನಮ್ಮನೇಲಿ ಇರೋದು ರೂಪಾಯಿ,” ಎಂದು ಚಿಕ್ಕಬಸಪ್ಪ ಫೋನ್ ಇಟ್ಟ. ಷಡ್ಡಕ ಕಲಿಸಿದ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳುವುದಕ್ಕಿಂತ ಬೇವಿನ ಸೊಪ್ಪು ಅಗಿಯುವುದು ಮೇಲೆಂಬುದು ಅವನ ಹಟ. ಅವನ ಮನೆಯಲ್ಲಿ ಡಾಲರ್ ಎಂದರೆ ರೂಪಳ ಸರದ ತುದಿಯಲ್ಲಿ ತೂಗುವ ನಾಯಕನಹಟ್ಟಿ ತಿಪ್ಪೇಸ್ವಾಮಿ ಡಾಲರ್, ಅಷ್ಟೇ.

ಆದರೆ ಒಳಗೊಳಗೇ ಅವನು ಹಿಗ್ಗಿದ್ದ. ಇಪ್ಪತ್ತೈದು ವರ್ಷದ ಅನುಭವದಲ್ಲಿ ಅವನಿಗೆ ಗೊತ್ತಿದ್ದ ಸತ್ಯ ಒಂದೇ: ಹೊಳೆಯುವುದು ಒಂದನೇ ನಂಬರ್, ಮಂಕಾದದ್ದು ಎರಡನೇ ನಂಬರ್, ಅಲ್ಲಾಡಿಸಿದರೆ ಸದ್ದು ಮಾಡುವುದು ಜೊಳ್ಳು. ಅವನು ಮನುಷ್ಯರನ್ನೂ ಹೀಗೇ ವಿಂಗಡಿಸುತ್ತಿದ್ದ. ಈರೇಶ್ ಯಾವ ರಾಶಿಗೆ ಬಿದ್ದಿದ್ದನೆಂದು ಬೇರೆ ಹೇಳಬೇಕಿಲ್ಲ. ಈಗ ಜೊಳ್ಳಿನ ಮನೆಯಲ್ಲಿ ಕರೀ ರೂಪಾಯಿ, ತನ್ನ ಮನೆಯಲ್ಲಿ ಹೊಳೆಯುವ ರೂಪಾಯಿ. ಜೀವನದಲ್ಲಿ ಮೊದಲ ಸಲ ಷಡ್ಡಕನ ಮುಂದೆ ಮೀಸೆ ತಿರುವುವ ಯೋಗ ಬಂದಿತ್ತು.

ಶನಿವಾರವೇ ರೂಪ ಲಕ್ಷ್ಮಿ ರೂಪಾಯಿಯನ್ನು ಪರ್ಸಿನಲ್ಲಿಟ್ಟುಕೊಂಡು ತಂಗಿಗೆ ಹೋಳಿಗೆ ಮಾಡಲು ನೆರವಾಗುವುದಕ್ಕೆ ಮೊಳಕಾಲ್ಮೂರಿಗೆ ಹೋದಳು. ಭಾನುವಾರ ಬೆಳಗ್ಗೆ ಚಿಕ್ಕಬಸಪ್ಪ ಇಸ್ತ್ರಿ ಅಂಗಿ ತೊಟ್ಟು, ಬಸ್ಸಿಗೆ ಮುಂಚೆ ಒಂದು ಟೀ ಕುಡಿಯೋಣವೆಂದು ಹೋಟೆಲಿಗೆ ನುಗ್ಗಿದ. ಅಲ್ಲಿ ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ರವಿಕಿರಣ್ ಕೂತಿದ್ದ.

“ಏನಣ್ಣಾ, ಮದುವೆ ಮದ್ಲಿಂಗನ ಹಂಗೆ ಹೊಂಟೀಯ?”

“ನಮ್ ಬೆಳ್ಳಿ ರೂಪಾಯಿ ಗ್ರೇಡಿಂಗ್ ಐತೆ ಕಣಪ್ಪ, ಅಮೆರಿಕದ್ದು. ಕನ್ನಡಿ ಹೊಳ್ದಂಗೆ ಹೊಳೀತೈತೆ. ಇಪ್ಪತ್ತೆರಡು ವರ್ಷ ವಾರವಾರ ತೊಳ್ದೀವಿ.”

ರವಿಕಿರಣನಿಗೆ ಟೀ ನೆತ್ತಿಗೇರಿತು. “ತೊಳದ್ರಾ? ಹಳೇ ನಾಣ್ಯನ ಯಾರಾದ್ರೂ ತೊಳೀತಾರೇನಣ್ಣಾ! ಕಪ್ಪಗಿದ್ರೇನೇ ಬೆಲೆ. ತೊಳದ್ರೆ ಮುಗೀತು, ಬರೀ ಬೆಳ್ಳಿ ತೂಕ!”

ಅವನು ಫೋನ್ ತೆಗೆದು ತೋರಿಸಿಯೇ ತೋರಿಸಿದ. ಒಂದೊಂದು ಡಾಲರೂ ಹಳೇ ಬಾಣಲೆಯ ಹಾಗೆ ಕಪ್ಪು, ಕೆಳಗೆ ಬರೆದ ಬೆಲೆ ಮಾತ್ರ ಉದ್ದ. ಎಪ್ಪತ್ತು ಅಂಕಕ್ಕೆ ಪರೀಕ್ಷೆ ಮಾಡುತ್ತಾರಂತೆ.

“ಮೂವತ್ತೈದು ಬಂದ್ರೆ ಪಾಸಾ?” ಚಿಕ್ಕಬಸಪ್ಪ ಕೇಳಿದ.

“ತೊಳ್ದಿದ್ರೆ ಪರೀಕ್ಷೆಗೇ ಕೂರ್ಸಲ್ಲಣ್ಣಾ.”

ಹಾಗಾದರೆ ಈರೇಶನ ಕರೀ ರೂಪಾಯಿ? ಪೆಟ್ಟಿಗೆಯಲ್ಲಿ ಬಿದ್ದು ಬಿದ್ದೇ ಅದು ಒಂದನೇ ನಂಬರ್ ಆಗಿಬಿಟ್ಟಿತೇ? ಚಿಕ್ಕಬಸಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಸೋಮಾರಿ ಹೆಂಡತಿ ಸಿಗುವುದಕ್ಕೂ ಅದೃಷ್ಟ ಬೇಕಲ್ಲಪ್ಪಾ ಎಂದು ಅವನಿಗೆ ಮೊದಲ ಬಾರಿ ಅನ್ನಿಸಿತು.

ಬಸ್ ಸ್ಟ್ಯಾಂಡಿಗೆ ಕಾಲೆಳೆದುಕೊಂಡು ಹೋದ. ಅಲ್ಲಿ ಬೇಯಿಸಿದ ಮೊಟ್ಟೆ ಮಾರುವ ಯರ್ರಮ್ಮನ ಗಾಡಿ. ಚಿಕ್ಕಬಸಪ್ಪನ ಮನೆತನದಲ್ಲಿ ಮೊಟ್ಟೆ ಮುಟ್ಟುವುದಿರಲಿ, ಹೆಸರನ್ನೂ ಹೇಳುತ್ತಿರಲಿಲ್ಲ, ‘ಅದು’ ಅನ್ನುತ್ತಿದ್ದರು. ಎಂದಿನಂತೆ ಮುಖ ತಿರುಗಿಸಿ ದಾಟಬೇಕೆನ್ನುವಷ್ಟರಲ್ಲಿ ಯರ್ರಮ್ಮನ ಕೈ ಕಣ್ಣಿಗೆ ಬಿತ್ತು. ಬೆರಳಲ್ಲಿದ್ದ ಎರಡು ಬೆಳ್ಳಿ ಉಂಗುರಗಳು ಇದ್ದಿಲಿನಷ್ಟು ಕಪ್ಪು.

“ಉಂಗುರ ಯಾಕವ್ವಾ ಹಂಗಾಗ್ಯಾವೆ?”

“ಮೊಟ್ಟೆ ಸುಲಿದೂ ಸುಲಿದೂ ಹಿಂಗಾದವು ಸಾಮಿ. ಬೆಳ್ಳಿಗೂ ಬೇಯ್ಸಿದ ಮೊಟ್ಟೆಗೂ ಆಗಿಬರಲ್ಲ. ಮೊಟ್ಟೆ ಪುಡಿಯಾಗೆ ಒಂದು ಗಂಟೆ ಹೂತಿಟ್ರೆ ಎಂಥ ಬೆಳ್ಳಿನೂ ನಲ್ಲಗ, ಕರ್ರಗಾಗ್ತೈತೆ.”

ಚಿಕ್ಕಬಸಪ್ಪನಿಗೆ ದೇವರೇ ಮೊಟ್ಟೆ ಗಾಡಿ ತಳ್ಳಿಕೊಂಡು ಬಂದಂತಾಯಿತು. ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಪಿಸುಗುಟ್ಟಿದ, “ಮೂರು ಕೊಡವ್ವ. ಪುಡಿ ಮಾಡಿ ಕೊಡು.”

“ಉಪ್ಪು ಖಾರ ಹಾಕ್ಲಾ ಸಾಮಿ?” ಯರ್ರಮ್ಮನ ಗಂಟಲು ಪಾವಗಡದ ಬಸ್ಸಿನವರೆಗೂ ಕೇಳುವಂಥದ್ದು.

“ಬ್ಯಾಡ, ಮೆಲ್ಲಗೆ ಮಾತಾಡು.”

“ಖಾರ ಇಲ್ದೆ ಹೆಂಗೆ ತಿಂತೀರಿ?”

“ತಿನ್ನಾಕಲ್ಲ!”

“ಮತ್ತೆ? ಕೂದ್ಲಿಗೆ ಹಚ್ಕಳಾಕಾ?” ಎಂದ ಯರ್ರಮ್ಮ ಅವನ ತಲೆ ನೋಡಿ ಮುಂದೆ ಮಾತಾಡಲಿಲ್ಲ.

ಅಂಗಡಿಯಲ್ಲಿ ಒಂದು ಸ್ಟೀಲ್ ಡಬ್ಬಿ ಕೊಂಡು, ಮೊಟ್ಟೆ ಪುಡಿ ತುಂಬಿಸಿ, ಬಸ್ ಹತ್ತಿದವನೇ ರೂಪಳಿಗೆ ಫೋನ್ ಮಾಡಿದ.

“ಲೇ, ರೂಪಾಯಿ ಯಾರಿಗೂ ತೋರಿಸಬ್ಯಾಡ. ನಾನು ಬರಾಗಂಟ ಹಂಗೇ ಇರ್ಲಿ.”

“ಎರಡೂ ದೇವರ ಗೂಡ್ನಾಗೆ ಎಲೆ ಮ್ಯಾಲೆ ಇಟ್ಟೀವಿ. ರೀ, ಒಂದು ಮಾತು. ಬೈಬಾರ್ದು.” ರೂಪಳ ದನಿ ಇಳಿಯಿತು. “ಮಾಲತಿ ನನ್ ಡಾಲರ್ ಮ್ಯಾಲೆ ಕಣ್ಣು ಹಾಕಿದ್ಲು. ಅಕ್ಕಾ ನಿಂದು ಎಷ್ಟು ಹೊಳೀತೈತೆ, ನಂಗೆ ಬೇಕು ಅಂತ ಒಂದೇ ಹಟ. ನಿನ್ನೆ ಸಾಯಂಕಾಲ ಡಾಲರ್ ಅದಲು ಬದಲು ಮಾಡ್ಕಂಡ್ವಿ.”

ತೊಡೆಯ ಮೇಲಿನ ಡಬ್ಬಿ ಆಗಲೇ ಬೆಚ್ಚಗಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಹೆಂಗಸರ ಸರದ ಪುರಾಣ ಯಾರಿಗೆ ಬೇಕು? “ಮಾಡ್ಕಳ್ರಿ, ಅಕ್ಕ ತಂಗಿ ವ್ಯವಾರಕ್ಕೆ ನಾನ್ ಬರಲ್ಲ,” ಎಂದ.

“ಬೈಯಲ್ವಾ?”

“ಯಾಕೆ ಬೈಲಿ? ಇಡು ಫೋನು.”

ರೂಪ ಖುಷಿಯಾಗಿ ಇಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಗಂಡ ಇಷ್ಟು ದೊಡ್ಡ ಮನಸ್ಸು ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ತಳಕು ದಾಟುವ ಹೊತ್ತಿಗೆ ಬಿಸಿಲೇರಿತು. ಡಬ್ಬಿಯ ಮುಚ್ಚಳದ ಸಂದಿಯಿಂದ ‘ಅದು’ ಹೊರಗೆ ಇಣುಕಿತು. ಮೊದಲು ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದಳು. ಆಮೇಲೆ ಹಿಂದಿನ ಸೀಟಿನ ಮುದುಕ ಎದ್ದು ನಿಂತ.

“ಯಾರ್ಲಾ ಅದು? ಹೊಟ್ಟೆ ಕೆಟ್ಟಿರೋರು ಬಸ್ಸು ಯಾಕೆ ಹತ್ತೀರಿ?”

ಎಲ್ಲರೂ ಮೂಗಿನ ದಾರಿ ಹಿಡಿದು ಬಂದು ಚಿಕ್ಕಬಸಪ್ಪನಲ್ಲಿ ನಿಂತರು. ಮೊಟ್ಟೆ ಎಂದು ಒಪ್ಪಿಕೊಂಡರೆ ಮಾತು ಬಸ್ಸಿಗಿಂತ ಮುಂಚೆ ಅತ್ತೆಯ ಮನೆ ತಲುಪುತ್ತದೆ. ಅವನು ತಲೆ ತಗ್ಗಿಸಿ, “ಹೌದ್ರಪ್ಪಾ, ನಾನೇ. ಹೊಟ್ಟೆ ಸರಿ ಇಲ್ಲ,” ಎಂದ.

ಬಸ್ಸಿಗೆ ಬಸ್ಸೇ ವೈದ್ಯಕ್ಕೆ ನಿಂತಿತು. ಒಬ್ಬಳು ಓಮ ಕೊಟ್ಟಳು, ಒಬ್ಬ ಜೀರಿಗೆ ಕೊಟ್ಟ, ಮುದುಕ ಯಾವುದೋ ಚೂರ್ಣವನ್ನು ಅವನ ಬಾಯಿಗೇ ಸುರಿದ. ಕಂಡಕ್ಟರ್ ಅವನನ್ನು ಎಬ್ಬಿಸಿ ಬಾಗಿಲ ಪಕ್ಕದಲ್ಲಿ ಕೂರಿಸಿ, “ಹಾನಗಲ್ ಕ್ರಾಸಾಗೆ ಐದ್ ನಿಮಿಷ ನಿಲ್ಲಿಸ್ಲಾ ಯಜಮಾನ್ರೇ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಹೊಟ್ಟೆ ಉರಿಯುತ್ತಿದ್ದದ್ದೇನೋ ಸುಳ್ಳಲ್ಲ. ಆದರೆ ಓಮಕ್ಕೆ ಬಗ್ಗುವ ಉರಿ ಅದಾಗಿರಲಿಲ್ಲ.

ಮೊಳಕಾಲ್ಮೂರಿನ ಆ ಬೀದಿಯಲ್ಲಿ ಭಾನುವಾರವೂ ಮಗ್ಗಗಳು ಲಟಪಟ ಎನ್ನುತ್ತಿದ್ದವು. ಈರೇಶ್ ಪರೀಕ್ಷಕನನ್ನು ಕರೆತರಲು ಬೈಕಿನಲ್ಲಿ ಹಾನಗಲ್ ಕ್ರಾಸಿಗೆ ಹೋಗಿದ್ದ. ಹೆಂಗಸರು ಅಡುಗೆಮನೆಯಲ್ಲಿದ್ದರು. ನಡುಮನೆಯ ಗೋಡೆಗೆ ಹಿತ್ತಾಳೆ ಹೂವಿನ ಮಣೆ ಆನಿಸಿತ್ತು. ಅದನ್ನು ಕಂಡು ಚಿಕ್ಕಬಸಪ್ಪನಿಗೆ ತವರು ಕಂಡ ಹಾಗಾಯಿತು.

“ಬರ್ರಿ ಅಳಿಯಂದ್ರೇ,” ಎಂದಳು ಪಾತಮ್ಮ. “ನಿಮ್ಮಿಬ್ಬರ ಜಗಳ ನೋಡಿ ಸಾಕಾಗೈತೆ ನಂಗೆ. ಇವತ್ತು ಯಾರ ಲಕ್ಷ್ಮಿ ಗೆಲ್ತಾಳೋ ಅವರಿಗೇ ಈ ಮಣೆ. ಹಬ್ಬಕ್ಕೂ ಅವರಿಗೇ, ಮದುವಿಗೂ ಅವರಿಗೇ. ಇನ್ನು ಮಾತಿಲ್ಲ.”

ಚಿಕ್ಕಬಸಪ್ಪ ಕೈಕಾಲು ತೊಳೆಯುವ ನೆಪದಲ್ಲಿ ದೇವರ ಗೂಡಿನತ್ತ ಜಾರಿದ. ಎರಡು ವೀಳ್ಯದೆಲೆ, ಮೇಲೆ ಎರಡು ರೂಪಾಯಿ, ಒಂದು ಹೊಳೆಯುವುದು, ಒಂದು ಕರಿಯದು. ಹೊಳೆಯುವುದನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ, ಡಬ್ಬಿಯೊಳಗೆ ಮೊಟ್ಟೆ ಪುಡಿಯಲ್ಲಿ ಹೂತು, ಬಿಸಿಲು ಬೀಳುವ ಗೋಡೆಯ ಮೇಲೆ ಇಟ್ಟ. ಇನ್ನೊಂದು ಗಂಟೆ, ಅಷ್ಟೇ.

ಆ ಒಂದು ಗಂಟೆಯಲ್ಲಿ ಸುಮ್ಮನೆ ಕೂತಿದ್ದರೆ ಅವನು ಚಿಕ್ಕಬಸಪ್ಪ ಹೇಗಾದಾನು? ಮತ್ತೆ ದೇವರ ಗೂಡಿಗೆ ಬಂದು ಕರೀ ರೂಪಾಯಿಯನ್ನು ನೋಡಿದ. ಬರೀ ಕಪ್ಪಲ್ಲ, ಅಂಚಿನಲ್ಲಿ ನವಿಲುಗರಿಯ ಬಣ್ಣ ಬೇರೆ. ಲಕ್ಷ್ಮಿಯ ಮೂಗು ಚೂಪಾಗಿ, ಕೂದಲು ಎಳೆಎಳೆಯಾಗಿ ಇತ್ತು. ರವಿಕಿರಣ್ ತೋರಿಸಿದ ಚಿತ್ರಗಳಿಗಿಂತ ಚೆನ್ನಾಗಿತ್ತು. ಇಂಥದ್ದನ್ನು ಇಟ್ಟುಕೊಂಡು ಈರೇಶ್ ಮಣೆಯ ಮೇಲೆ ಕೂರುತ್ತಾನೆ. ತನ್ನದು ಕಪ್ಪಾದರೆ ಸಾಲದು, ಷಡ್ಡಕನದು ಬೆಳ್ಳಗಾಗಬೇಕು ಎಂದು ಅವನ ಹೊಟ್ಟೆ ಸ್ಪಷ್ಟವಾಗಿ ಹೇಳಿತು.

ಕರೀ ರೂಪಾಯಿ ಜೇಬಿಗೆ ಇಳಿಯಿತು. ಚಿಕ್ಕಬಸಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅತ್ತೆ, ಸ್ವಲ್ಪ ಹುಣಸೆಹಣ್ಣು ಕೊಡ್ರಿ.”

ಪಾತಮ್ಮ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹುಣಸೆಹಣ್ಣು ಬೇಕು ಅಂತ ನನ್ ಹೆಣ್ಮಕ್ಕಳು ಕೇಳ್ತಿದ್ರು, ಅದೂ ಬಸುರಿ ಆದಾಗ. ನಿಮಗೇನು ಬಂತು ಬಯಕೆ?”

“ಬಸ್ಸಿನಾಗೆ ಬಂದು ವಾಂತಿ ಬಂದಂಗೆ ಆಗ್ತೈತೆ.”

“ಅಯ್ಯೋ ಪಾಪ, ತಗಳ್ರಿ, ಚೀಪ್ರಿ,” ಎಂದು ಪಾತಮ್ಮ ನಿಂಬೆ ಗಾತ್ರದ ಉಂಡೆ ಕೊಟ್ಟಳು.

ಬಚ್ಚಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಚಿಕ್ಕಬಸಪ್ಪ ತಿಕ್ಕಿದ. ಮನೆಯಲ್ಲಿ ಒಂದು ಲೋಟ ತೊಳೆಯದ ಕೈ ಅದು. ಒಲೆಯ ಬೂದಿ ಹಾಕಿ ತಿಕ್ಕಿದ, ನಾರಿನಿಂದ ತಿಕ್ಕಿದ, ಹಲ್ಲು ಕಚ್ಚಿ ತಿಕ್ಕಿದ. ಒಳಗಿಂದ ರೂಪ, “ರೀ, ಏನ್ ಮಾಡ್ತಿದೀರಿ ಅಲ್ಲಿ?” ಎಂದಳು. “ಕೈ ತೊಳೀತಿದೀನಿ,” ಎಂದ. ಕಪ್ಪು ಇಳಿದು, ನವಿಲುಗರಿ ಇಳಿದು, ಕೊನೆಗೆ ಈರೇಶನ ಲಕ್ಷ್ಮಿ ಹೊಸ ಸ್ಟೀಲ್ ಲೋಟದ ಹಾಗೆ ಹೊಳೆದಳು. ಚಿಕ್ಕಬಸಪ್ಪನ ಹೊಟ್ಟೆ ಬೆಳಗಿನಿಂದ ಮೊದಲ ಸಲ ತಣ್ಣಗಾಯಿತು.

ಬೀದಿಯಲ್ಲಿ ಬೈಕಿನ ಸದ್ದಾಯಿತು. ಡಬ್ಬಿ ತೆರೆದು ನೋಡಿದರೆ ಯರ್ರಮ್ಮನ ಮಾತು ಸುಳ್ಳಾಗಿರಲಿಲ್ಲ. ರೂಪಾಯಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಪಂಚೆಯಲ್ಲಿ ಒರೆಸಿ, ಮೊಟ್ಟೆ ಪುಡಿಯನ್ನು ಹಿತ್ತಲ ಆಚೆ ನಿಂತಿದ್ದ ನಾಯಿಗೆ ಸುರಿದು, ಎರಡು ರೂಪಾಯಿಯನ್ನೂ ಎಲೆಗಳ ಮೇಲೆ ಇಟ್ಟು ಬಂದು ಜಗುಲಿಯ ಮೇಲೆ ಸಂಭಾವಿತನಂತೆ ಕೂತ.

ಲೋಹಿತ ಕನ್ನಡಕದ ಸಣಕಲು ಮನುಷ್ಯ. ಬಂದವನೇ ನಡುಮನೆಯಲ್ಲಿ ಕಪ್ಪು ಬಟ್ಟೆ ಹಾಸಿ, ಬಿಳೀ ಕೈಗವಸು ತೊಟ್ಟು, ಕಣ್ಣಿಗೆ ಭೂತಗನ್ನಡಿ ಹಿಡಿದ. ಮಾಲತಿ ಎಲೆಗಳನ್ನು ತಂದಿಟ್ಟಳು. ಈರೇಶ್ ನಗುತ್ತ ಕಪ್ಪು ರೂಪಾಯಿಯನ್ನು ಚಿಕ್ಕಬಸಪ್ಪನ ಕಡೆ ಸರಿಸಿ, “ಅಣ್ಣಾ, ಇದು ನಿಮ್ದು,” ಎಂದು ಹೇಳಿ ಹೊಳೆಯುವುದನ್ನು ತನ್ನ ಕಡೆ ಎಳೆದುಕೊಂಡ.

ತನ್ನ ಕರೀ ರೂಪಾಯಿ ಬೆಳ್ಳಗಾದದ್ದೂ ಈ ಜೊಳ್ಳಿಗೆ ತಿಳಿಯಲಿಲ್ಲವಲ್ಲ, ಕಣ್ಣೇನು ಹಿಂದೆ ಇವೆಯೇ ಎಂದು ಚಿಕ್ಕಬಸಪ್ಪ ಒಳಗೇ ನಕ್ಕ. ಲೋಹಿತ ಮೊದಲು ಕಪ್ಪನ್ನು ಅಂಚಿನಲ್ಲಿ ಹಿಡಿದು ತಿರುಗಿಸಿದ.

“ಪಾಪ, ಈ ತಾಯಿಗೆ ಮೂಗೇ ಇಲ್ಲ. ಕಿವಿನೂ ಹೋಗಿದೆ. ವರ್ಷಗಟ್ಟಲೆ ಉಜ್ಜಿದಾರೆ. ಹದ್ದಿನ ಬಾಲದ ಕೆಳಗೆ ಟಂಕಸಾಲೆ ಗುರುತಿನ ಅಕ್ಷರ ಇದ್ದವೋ ಇಲ್ಲವೋ ದೇವರಿಗೇ ಗೊತ್ತು. ಇಷ್ಟು ಸಾಲ್ದು ಅಂತ ಆಮೇಲೆ ಬೇಕಂತ ಕಪ್ಪು ಮಾಡಿದಾರೆ.” ಮೂಗಿನ ಹತ್ತಿರ ತಂದು ಮೂಸಿದ. “ಮೊಟ್ಟೆ!”

ಅಡುಗೆಮನೆಯಲ್ಲಿ ಸೌಟು ಬಿತ್ತು. ಈರೇಶ್ ಏನೋ ಹೇಳಲು ಬಾಯಿ ತೆರೆದವನು ಯೋಚಿಸಿ ಮುಚ್ಚಿಕೊಂಡ. “ಅದು ಮೊದ್ಲೇ ಕರ್ರಗಿತ್ತಲ್ಲ…” ಎಂದು ಮಾಲತಿ ಗೊಣಗಿದ್ದು ಪಾತಮ್ಮನ ಕೂಗಿನಲ್ಲಿ ಮುಳುಗಿಹೋಯಿತು.

“ನನ್ ದೇವರ ಗೂಡ್ನಾಗೆ ಮೊಟ್ಟೆನಾ! ಯಾರು ತಂದೋರು?”

ಉತ್ತರವೆಂಬಂತೆ ಹಿತ್ತಲ ನಾಯಿ ಬಾಗಿಲಿಗೇ ಬಂದು, ಚಿಕ್ಕಬಸಪ್ಪನನ್ನು ನೋಡಿ, ಇನ್ನೂ ಇದೆಯೇ ಎನ್ನುವಂತೆ ಬಾಲ ಆಡಿಸಿತು. ಅದರ ಮೂತಿಗೆ ಹಳದಿ ಪುಡಿ ಮೆತ್ತಿತ್ತು. ಚಿಕ್ಕಬಸಪ್ಪ ತಲೆ ತಗ್ಗಿಸಿದ. ಪಾತಮ್ಮ ಅರಿಶಿನದ ನೀರು ಮಾಡಿಕೊಂಡು ದೇವರ ಗೂಡು ಶುದ್ಧಿ ಮಾಡಲು ಓಡಿದಳು.

ಲೋಹಿತ ಹೊಳೆಯುವುದನ್ನು ಎತ್ತಿಕೊಂಡ. ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಭೂತಗನ್ನಡಿ ಕೆಳಗಿಟ್ಟು, ಕಣ್ಣು ಒರೆಸಿಕೊಂಡು, ಮತ್ತೆ ನೋಡಿದ.

“ಯಾವ ಪಾಪಿ ತೊಳೆದಿದ್ದು ಇದನ್ನ?”

ಅಕ್ಕ ತಂಗಿಯ ಮುಖ ನೋಡಿದಳು, ತಂಗಿ ಅಕ್ಕನ ಮುಖ ನೋಡಿದಳು.

“ಇವತ್ತೇ ತೊಳೆದಿದಾರೆ. ಅಂಚಿನ ಗೀರಿನಲ್ಲಿ ಹುಣಸೆ ನಾರು ಇನ್ನೂ ಹಸಿಯಾಗಿದೆ ನೋಡಿ. ಬಾಲದ ಕೆಳಗೆ ಎರಡು ಅಕ್ಷರ ಇದಾವೆ. ಈ ಅಕ್ಷರ ಇರೋ ಡಾಲರ್ ನಾನು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಬೆಳಗ್ಗೆ ಸಿಕ್ಕಿದ್ರೆ ಎಪ್ಪತ್ತಕ್ಕೆ ಅರವತ್ತನಾಲ್ಕು ಕಣ್ಣು ಮುಚ್ಕಂಡು ಕೊಡ್ತಿದ್ರು. ಒಂದು ಸೈಟಿನ ಬೆಲೆ. ಈಗ ‘ತೊಳೆದದ್ದು’ ಅಂತ ಬರೀತಾರೆ, ಅಂಕ ಇಲ್ಲ. ಆದ್ರೂ ಅಕ್ಷರ ಅಕ್ಷರವೇ. ಒಂದು ಹೊಸ ಬೈಕಿಗೆ ಮೋಸ ಇಲ್ಲ.”

ಈರೇಶ್ ಸೈಟು ಹೋಯಿತೆಂದು ಎದೆ ಬಡಿದುಕೊಳ್ಳುತ್ತಾನೆಂದು ಚಿಕ್ಕಬಸಪ್ಪ ಕಾದಿದ್ದ. ಅವನು ಬೈಕು ಬಂತೆಂದು ಕುಣಿದ. ಮಾಲತಿಯನ್ನು ಕರೆದು, “ನಾನ್ ಹೇಳ್ಲಿಲ್ವಾ? ಹೊಳೆಯೋದೇ ಹೊಳೆಯೋದು!” ಎಂದ. ಚಿಕ್ಕಬಸಪ್ಪನಿಗೆ ಇದೊಂದು ತಿಳಿಯಲಿಲ್ಲ. ಜೊಳ್ಳಿಗೆ ಸೈಟು ಏನು ಗೊತ್ತು, ಬೈಕು ಏನು ಗೊತ್ತು ಎಂದು ಸಮಾಧಾನ ಮಾಡಿಕೊಂಡ.

ಮಣೆ ಈರೇಶನಿಗೆ ಹೋಯಿತು. ಮೊಟ್ಟೆ ಮುಟ್ಟಿದವನಿಗೆ ನಡುಮನೆಯೂ ಇಲ್ಲವೆಂದು ಪಾತಮ್ಮ ಚಿಕ್ಕಬಸಪ್ಪನಿಗೆ ಜಗುಲಿಯ ಮೇಲೆ ಎಲೆ ಹಾಕಿಸಿದಳು. ಯುಗಾದಿಯ ಚಾಪೆಯೂ ಈ ಸಲ ಸಿಗಲಿಲ್ಲ. ಎದುರಿಗೆ ನಾಯಿ ಕೂತಿತ್ತು. ಒಳಗೆ ಹಿತ್ತಾಳೆ ಹೂವಿನ ಮೇಲೆ ಕೂತ ಷಡ್ಡಕ ತುಪ್ಪ ಸಾಕು ಸಾಕು ಎನ್ನುವುದು ಇಲ್ಲಿಗೂ ಕೇಳುತ್ತಿತ್ತು. ಆದರೂ ಚಿಕ್ಕಬಸಪ್ಪ ಎರಡು ಹೋಳಿಗೆ ಜಾಸ್ತಿಯೇ ಉಂಡ. ಮಣೆ ಹೋದರೆ ಹೋಗಲಿ. ಷಡ್ಡಕನ ಸೈಟನ್ನು ಬೈಕಿಗೆ ಇಳಿಸಿದವನು ತಾನು, ಈ ಎರಡು ಕೈ, ಒಂದು ಉಂಡೆ ಹುಣಸೆಹಣ್ಣು. ಇದನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲ ಎಂಬುದೊಂದೇ ಅವನಿಗಿದ್ದ ಕೊರಗು.

ಸಂಜೆಯ ಬಸ್ಸಿನಲ್ಲಿ ಗಂಡ ಹೆಂಡತಿಗೆ ಹಿಂದಿನ ಸೀಟು ಸಿಕ್ಕಿತು. ರೂಪ ಊರು ದಾಟಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತಪ್ಪು ನಂದೇ ಕಣ್ರಿ. ಮಾಲತಿ ಕೇಳಿದ್ಲು ಅಂತ ಡಾಲರ್ ಕೊಡಬಾರ್ದಿತ್ತು.”

ಚಿಕ್ಕಬಸಪ್ಪ ಅವಳ ಕೊರಳು ನೋಡಿದ. ಸರದ ತುದಿಯಲ್ಲಿ ತಿಪ್ಪೇಸ್ವಾಮಿ ಎಂದಿನಂತೆ ತೂಗುತ್ತಿದ್ದ.

“ಎಲ್ಲಿ ಕೊಟ್ಟೀಯ? ಕೊರಳಾಗೇ ಐತಲ್ಲ.”

“ಅಯ್ಯೋ, ಇದಲ್ಲ! ಈರೇಶಪ್ಪ ಹೇಳೋ ಡಾಲರ್, ನಮ್ ಲಕ್ಷ್ಮಿ ರೂಪಾಯಿ. ಹೊಳೆಯೋದಕ್ಕೇ ಜಾಸ್ತಿ ಬೆಲೆ ಬರ್ತೈತೆ, ನಿಮ್ಮಕ್ಕನ ಹತ್ರ ಇಸ್ಕ ಅಂತ ಅವ್ನೇ ಮಾಲತಿಗೆ ಹೇಳಿಕೊಟ್ಟಿದ್ದಂತೆ. ಅವಳು ಅತ್ತು ಕರೆದು ಇಸ್ಕಂಡ್ಲು. ತಂದು ಕರೀದು ನಂಗೆ ಕೊಟ್ಲು. ಬೆಳಿಗ್ಗೆ ಫೋನಾಗೇ ಹೇಳ್ಲಿಲ್ವಾ? ನೀವೇ ಮಾಡ್ಕಳ್ರಿ ಅಂದ್ರಲ್ಲ.”

ಬಸ್ಸು ಒಂದು ಹಳ್ಳಕ್ಕೆ ಬಿದ್ದು ಎದ್ದಿತು. ಚಿಕ್ಕಬಸಪ್ಪ ಏಳಲಿಲ್ಲ.

“ಅಂದ್ರೆ… ಗೂಡ್ನಾಗೆ ಕರ್ರಗಿತ್ತಲ್ಲ, ನವಿಲುಗರಿ ಬಣ್ಣದ್ದು…”

“ಅದು ನಮ್ದು. ನಿನ್ನೆ ಸಾಯಂಕಾಲದಿಂದ.”

ಚಿಕ್ಕಬಸಪ್ಪ ತನ್ನ ಎರಡು ಕೈಗಳನ್ನು ತಿರುಗಿಸಿ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಇತ್ತು. ತನ್ನ ಸೈಟನ್ನು ತಾನೇ ಕುಕ್ಕರುಗಾಲಲ್ಲಿ ಕೂತು, ಹಲ್ಲು ಕಚ್ಚಿ, ಬೂದಿ ಹಾಕಿ ತೊಳೆದು, ಉಳಿದ ಬೈಕನ್ನು ಎಲೆಯ ಮೇಲಿಟ್ಟು ಷಡ್ಡಕನಿಗೆ ಒಪ್ಪಿಸಿ ಬಂದಿದ್ದ. ಬೆಳಗ್ಗೆ ಒಂದು ಟೀ ಕುಡಿಯದೆ, ಒಂದು ಮೊಟ್ಟೆ ಮುಟ್ಟದೆ ನೆಟ್ಟಗೆ ಬಂದು ಕೂತಿದ್ದರೆ ಅರವತ್ತನಾಲ್ಕು ಅಂಕವೂ ಮಣೆಯೂ ಅವನದೇ. ಜೇಬಿನೊಳಗಿನ ಮೂಗಿಲ್ಲದ ಲಕ್ಷ್ಮಿ ತೊಡೆಗೆ ತಗುಲುತ್ತಿದ್ದಳು.

“ಏನಾಯ್ತ್ರೀ? ಮುಖ ಯಾಕೆ ಹಂಗೆ ಮಾಡ್ಕಂಡ್ರಿ?” ರೂಪ ಗಾಬರಿಯಾದಳು.

ಟಿಕೆಟ್ ಕೊಡುತ್ತ ಬಂದವನು ಬೆಳಗಿನ ಅದೇ ಕಂಡಕ್ಟರ್. ಅವನು ಗುರುತು ಹಿಡಿದು, ಎರಡು ಹೆಜ್ಜೆ ಹಿಂದೆ ನಿಂತೇ ಕೇಳಿದ, “ಯಜಮಾನ್ರೇ, ಹೊಟ್ಟೆ ಈಗ ಹೆಂಗೈತೆ?”

“ಇನ್ನೂ ಸರಿ ಹೋಗಿಲ್ಲ ಅನ್ಸುತ್ತೆ,” ಎಂದು ರೂಪಳೇ ಉತ್ತರ ಕೊಟ್ಟು, ಪರ್ಸು ಬಿಚ್ಚಿ ಕಾಗದದ ಪೊಟ್ಟಣವೊಂದನ್ನು ಗಂಡನ ಕೈಯಲ್ಲಿಟ್ಟಳು. “ತಗಳ್ರಿ. ಅವ್ವ ಎಷ್ಟು ಸಿಟ್ಟಿನಾಗಿದ್ರೂ ಮರೀದೆ ಕೊಟ್ಟು ಕಳ್ಸ್ಯಾಳೆ. ದಾರಿಯಾಗೆ ವಾಂತಿ ಬಂದ್ರೆ ಚೀಪಾಕೆ ಹೇಳು ಅಂದ್ಲು.”

ಪೊಟ್ಟಣದಲ್ಲಿ ನಿಂಬೆ ಗಾತ್ರದ ಹುಣಸೆಹಣ್ಣಿನ ಉಂಡೆ ಇತ್ತು. ಚಿಕ್ಕಬಸಪ್ಪ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಚಳ್ಳಕೆರೆಯವರೆಗೂ ಚೀಪಿದ.